ಟೀಚರಮ್ಮನ ಒಲೆ

ಟೀಚರಮ್ಮ ಬಂದದ್ದಕ್ಕೆ ಲಕ್ಕಪ್ಪನ ಮನೆಯಲ್ಲಿ ಯಾರಿಗೂ ಬೇಸರವಾಗಲಿಲ್ಲ. ಬೇಸರವಾದದ್ದು ಅವಳ ಟ್ರಂಕಿನ ಜೊತೆ ಬಂದ ಸೀಮೆಎಣ್ಣೆ ಸ್ಟೌವಿನಿಂದ.

ತೊಂಬತ್ತಾರನೇ ಇಸವಿಯ ದಸರಾ ರಜೆ ಆಗಷ್ಟೇ ಮುಗಿದಿತ್ತು. ಮೂಡಗದ್ದೆಗೆ ಬಸ್ಸಿಲ್ಲ, ಹೆಗ್ಗದ್ದೆಯಲ್ಲಿ ಇಳಿದು ತೋಟ, ಕಾಡು ದಾಟಿ ನಾಲ್ಕು ಮೈಲಿ ಒಳಗೆ ಬರಬೇಕು. ಲಕ್ಕಪ್ಪನ ಕಿರಿಯ ಮಗ ಲೋಹಿತ ಜೀಪು ತೆಗೆದುಕೊಂಡು ಹೋಗಿ ಜಗದಾಂಬ ಟೀಚರನ್ನು ಕರೆತಂದ. ಅರಸೀಕೆರೆ ಕಡೆಯ ಹುಡುಗಿ, ಲಿಂಗಾಯತರ ಮನೆಯವಳು, ಕೆಲಸಕ್ಕೆ ಸೇರಿದ ಮೇಲೆ ಇದೇ ಮೊದಲ ಊರು. ಇಳಿದವಳೇ ಸುತ್ತಲ ಕಾಡು ನೋಡಿ ಸೆರಗು ಹೊದ್ದುಕೊಂಡಳು. ಲಕ್ಕಪ್ಪನ ಹೆಂಡತಿ ಮೀನಾಕ್ಷಮ್ಮ ಕಾಫಿ ತಂದುಕೊಟ್ಟು, ಅವಳ ಮುಖಕ್ಕಿಂತ ಹೆಚ್ಚು ಹೊತ್ತು ಅವಳ ಸಾಮಾನು ನೋಡಿದಳು.

“ಅದೇನವ್ವ ಅದು?”

“ಸ್ಟೌ ಅಮ್ಮಾರೆ. ನನ್ನ ಅಡಿಗೆ ನಾನೇ ಮಾಡ್ಕೊತೀನಿ, ನಿಮಗ್ಯಾಕೆ ತೊಂದ್ರೆ.”

“ಈ ಮನೇಲಿ ಅನ್ನಕ್ಕೇನು ಬರ ಬಂದೈತಾ? ನಮ್ಮ ಸೂರಿನ ಕೆಳಗೆ ಇನ್ನೊಂದು ಒಲೆ ಉರೀಬಾರ್ದು ಕಣವ್ವ. ಮಗಳಿದ್ದಂಗೆ ಇರು, ನಾವು ಉಂಡಿದ್ದು ಉಣ್ಣು.”

ಹಾಗೆಂದು ಸ್ಟೌವನ್ನು ತಾನೇ ಎತ್ತಿಕೊಂಡು ಹೋಗಿ ಅಟ್ಟದ ಮೇಲಿಟ್ಟು ಬಂದಳು. ಜಗದಾಂಬ ಆದರಕ್ಕೆ ಕರಗಿಹೋದಳು. ಇಂಥ ಜನ ಸಿಕ್ಕಿದ್ದು ತನ್ನ ಪುಣ್ಯ ಎಂದು ಅವತ್ತೇ ಊರಿಗೆ ಕಾಗದ ಬರೆದಳಂತೆ.

ಮೀನಾಕ್ಷಮ್ಮನ ಹೆದರಿಕೆ ಸುಳ್ಳಿನದಲ್ಲ. ಆ ಸೀಮೆಯಲ್ಲಿ ಅಣ್ಣತಮ್ಮಂದಿರು ಪಾಲಾದರೆ ಕೋರ್ಟು ಕಚೇರಿಯ ಮಾತು ಆಮೇಲೆ ಬರುತ್ತದೆ. ಜನ ಮೊದಲು ಹೇಳುವುದು ‘ಒಲೆ ಬೇರೆ ಆಯ್ತು’ ಅಂತ. ಒಂದೇ ಮನೆಯೊಳಗೆ ಎರಡು ಕಡೆ ಹೊಗೆ ಎದ್ದರೆ ತೋಟಕ್ಕೆ ಬೇಲಿ ಬಿತ್ತು ಎಂದೇ ಲೆಕ್ಕ. ಈ ಮನೆಯಲ್ಲೂ ಒಮ್ಮೆ ಹಾಗಾಗಿತ್ತು. ಮೀನಾಕ್ಷಮ್ಮ ಸೊಸೆಯಾಗಿ ಬಂದ ಹೊಸದರಲ್ಲಿ ವಾರಗಿತ್ತಿಯ ಜೊತೆ ಜಗಳ ಮಾಡಿಕೊಂಡು, ಜಗಲಿಯ ಕೊನೆಯ ಮೂಲೆಕೋಣೆಯಲ್ಲಿ ಬೇರೆ ಒಲೆ ಹೂಡಿದ್ದಳು. ವರ್ಷ ತಿರುಗುವುದರೊಳಗೆ ಲಕ್ಕಪ್ಪನ ಅಣ್ಣ ಹುಚ್ಚಣ್ಣ ತನ್ನ ಪಾಲು ತೆಗೆದುಕೊಂಡು ಹಳ್ಳದಾಚೆ ಮನೆ ಕಟ್ಟಿದ. ಅಲ್ಲಿಂದಾಚೆ ಅಣ್ಣತಮ್ಮಂದಿರು ಸಾವಿನ ಮನೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಎದುರು ಬದುರು ಕೂತವರಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಮೀನಾಕ್ಷಮ್ಮ ಇಲ್ಲವೆಂದೂ ಹೇಳುತ್ತಿರಲಿಲ್ಲ, ಹೌದೆಂದೂ ಹೇಳುತ್ತಿರಲಿಲ್ಲ. ಟೀಚರಮ್ಮನಿಗೆ ಇರಲು ಕೊಟ್ಟಿದ್ದೂ ಅದೇ ಮೂಲೆಕೋಣೆಯನ್ನು. ಮೇಲಾಗಿ ಲೋಹಿತನಿಗೆ ಆಲೂರು ಕಡೆಯಿಂದ ಹೆಣ್ಣಿನ ಮಾತು ನಡೆಯುತ್ತಿತ್ತು. ಒಡೆದ ಮನೆಗೆ ಯಾರು ಹೆಣ್ಣು ಕೊಡುತ್ತಾರೆ ಎಂಬುದು ಮುದುಕಿಯ ಚಿಂತೆ.

ಮನೆಯ ಹಿರಿಸೊಸೆ ವಿಶಾಲಮ್ಮನ ಚಿಂತೆ ಬೇರೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಬಿಂದುಶ್ರೀ ಮೂರನೇ ಕ್ಲಾಸಿನಲ್ಲಿದ್ದಾಗ ಊರಿನ ಮೇಷ್ಟ್ರು ವರ್ಗ ಮಾಡಿಸಿಕೊಂಡು ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಪಕ್ಕದ ಊರಿನ ಮೇಷ್ಟ್ರೊಬ್ಬರು ಆಗಸ್ಟ್ ಹದಿನೈದಕ್ಕೆ ಬಂದು ಬಾವುಟ ಹಾರಿಸಿ, ಮಿಠಾಯಿ ಹಂಚಿ, ಮತ್ತೆ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಬಿಂದುವನ್ನು ಕೆಲವು ದಿನ ಹೆಗ್ಗದ್ದೆಗೆ ಕಳಿಸಿ ನೋಡಿದರು. ಒಂದು ದಿನ ದಾರಿಗೆ ಆನೆ ಅಡ್ಡ ನಿಂತಿತು. ಹುಡುಗಿ ಸಂಜೆಯವರೆಗೂ ಯಾರದೋ ತೋಟದ ಸ್ಟೋರಿನಲ್ಲಿ ಅಡಗಿ ಕೂತು ಬಂದಳು. ಮಾರನೇ ದಿನದಿಂದ ಅವಳ ಕೈಗೆ ಪೊರಕೆ ಬಂತು. ಈಗ ಹದಿಮೂರು ತುಂಬಿದೆ. ರೊಟ್ಟಿ ತಟ್ಟುತ್ತಾಳೆ, ಕೊಟ್ಟಿಗೆ ಬಾಚುತ್ತಾಳೆ, ಬಸ್ಸಿನ ಬೋರ್ಡು ಓದಲು ತಡವರಿಸುತ್ತಾಳೆ. ಚಿಕ್ಕವಳು ಧನುಶ್ರೀಗೆ ಒಂಬತ್ತು. ವಿಶಾಲಮ್ಮ ಸ್ವತಃ ತವರಿನಲ್ಲಿ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಪಾಸು ಮಾಡಿದವಳು. ಧನುಗೆ ಮನೆಯಲ್ಲೇ ಅಕ್ಷರ, ಮಗ್ಗಿ ಹೇಳಿಕೊಟ್ಟಿದ್ದಳು. ಜಗದಾಂಬ ಅವಳನ್ನು ಪರೀಕ್ಷೆ ಮಾಡಿ ಮೂರನೇ ಕ್ಲಾಸಿಗೆ ಸೇರಿಸಿಕೊಂಡಾಗ ವಿಶಾಲಮ್ಮನಿಗೆ ಖುಷಿಗಿಂತ ಹೆಚ್ಚಾಗಿ ಭಯವಾಯಿತು. ಬಿಂದು ನಿಂತದ್ದೂ ಮೂರನೇ ಕ್ಲಾಸಿಗೇ. ಈ ಟೀಚರೂ ಹೋಗಿಬಿಟ್ಟರೆ ಧನುವಿನ ಗತಿಯೂ ಅಷ್ಟೇ.

ಹೋಗುವುದು ಆ ಊರಿನ ಮೇಷ್ಟ್ರುಗಳಿಗೆ ಹೊಸದಲ್ಲ. ಲಕ್ಕಪ್ಪನ ಅಪ್ಪನ ಕಾಲದಲ್ಲಿ ಶಾಲೆ ನಡೆದದ್ದು ಇದೇ ಮನೆಯ ಜಗಲಿಯ ಮೇಲೆ. ಆಮೇಲೆ ಊರವರೇ ಕಲ್ಲು ಹೊತ್ತು, ಲಕ್ಕಪ್ಪ ತೊಲೆ ಕೊಟ್ಟು ಎರಡು ಕೋಣೆಯ ಹೆಂಚಿನ ಕಟ್ಟಡ ಎಬ್ಬಿಸಿದರು. ಸರ್ಕಾರ ಮೇಷ್ಟ್ರನ್ನು ಕೊಡುತ್ತಿತ್ತು, ಮೇಷ್ಟ್ರಿಗೆ ಅನ್ನ ಲಕ್ಕಪ್ಪನ ಮನೆ ಕೊಡುತ್ತಿತ್ತು. ಬಯಲುಸೀಮೆಯಿಂದ ಬಂದವರು ಜಿಗಣೆಗೂ ಚಳಿಗೂ ಹೆದರಿ ಓಡುತ್ತಿದ್ದರು. ಉಳಿದುಕೊಂಡವರಲ್ಲಿ ಅರ್ಧ ಜನ ಇಲ್ಲಿಗೆ ಬಂದ ಮೇಲೆಯೇ ಹಂದಿ ಮಾಂಸದ ರುಚಿ ಕಂಡವರು ಎಂದು ಲಕ್ಕಪ್ಪ ಇವತ್ತಿಗೂ ನಗಾಡುತ್ತಾನೆ. ಕೆಲವು ವರ್ಷದ ಹಿಂದೆ ಸರ್ಕಾರ ಶಾಲೆಗೆಂದು ಒಂದು ಪೆಟ್ಟಿಗೆ ಸಾಮಾನು ಕಳಿಸಿತ್ತು: ಭೂಮಿಯ ಗೋಳ, ತಮಟೆ, ಗಣಿತದ ಮಣಿಗಳು. ಗೆದ್ದಲು ಹಿಡಿಯದಿರಲಿ ಎಂದು ಅದನ್ನೂ ಲಕ್ಕಪ್ಪನ ಮನೆಯಲ್ಲೇ ಇಟ್ಟಿದ್ದರು. ಹೀಗಾಗಿ ಶಾಲೆ ಎಂದರೆ ತಮ್ಮ ಮನೆಯದೇ ಒಂದು ತುಂಡು ಎಂಬಂತೆ ಆ ಮನೆಯವರು ನಡೆದುಕೊಳ್ಳುತ್ತಿದ್ದರು. ಹೆಂಗಸೊಬ್ಬಳು ಟೀಚರಾಗಿ ಬಂದದ್ದು ಮಾತ್ರ ಇದೇ ಮೊದಲು.

ಮೊದಲ ತಿಂಗಳು ಚೆನ್ನಾಗಿಯೇ ನಡೆಯಿತು. ಜಗದಾಂಬ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಬರುವಷ್ಟರಲ್ಲಿ ಮೀನಾಕ್ಷಮ್ಮ ಅವಳಿಗೆಂದೇ ಎತ್ತಿಟ್ಟ ಪಾತ್ರೆಯಲ್ಲಿ ಅನ್ನ, ಸಾರು ಇರುತ್ತಿತ್ತು. ಸಂಬಳ ಬಂದ ದಿನ ಅವಳು ಊಟದ ದುಡ್ಡೆಂದು ಒಂದಿಷ್ಟು ಮುಂದಿಟ್ಟರೆ ಮುದುಕಿ ಮುಟ್ಟಲಿಲ್ಲ. ಅನ್ನ ಮಾರಿಕೊಂಡು ಬದುಕುವ ಮನೆ ಇದಲ್ಲ ಎಂದಳು. ಜಗದಾಂಬ ಆ ದುಡ್ಡನ್ನು ಮಡಚಿ ಒಳಗಿಟ್ಟುಕೊಂಡು, ಸುಮ್ಮನೆ ಕೂತು ಉಣ್ಣಲು ನಾಚಿಕೆಯಾಗಿ, ಸೊಪ್ಪು ಬಿಡಿಸಲು ಕೂತಳು. ಮಾರನೇ ದಿನದಿಂದ ಸೊಪ್ಪು ಬಿಡಿಸುವುದು ಅವಳ ಕೆಲಸವೇ ಆಯಿತು. ಆಮೇಲೆ ಕಾಫಿಗೆ ಹಾಲು ಕಾಯಿಸುವುದು. ಆಮೇಲೆ ಸಂಜೆ ಕಣದಲ್ಲಿ ಕಾಫಿ ಗುಡ್ಡೆ ಹಾಕುವಾಗ ಒಂದು ಕೈ. ಯಾರೂ ಮಾಡು ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಭಾನುವಾರಗಳೇ ಕಷ್ಟವಾದವು. ಕುಯ್ಲಿನ ಕಾಲ, ಆಳುಗಳಿಗೂ ಮನೆಯವರಿಗೂ ಸೇರಿಸಿ ದೊಡ್ಡ ಹಂಡೆಯಲ್ಲಿ ಹಂದಿ ಮಾಂಸ ಬೇಯುತ್ತಿತ್ತು. ಜಗದಾಂಬ ಆ ದಿನ ತಲೆನೋವೆಂದು ಬಾಗಿಲು ಹಾಕಿಕೊಳ್ಳುವಳು. ಬೇರೆ ಪಾತ್ರೆಯಲ್ಲೇ ಮಾಡಿದ್ದು ಎಂದು ಮೀನಾಕ್ಷಮ್ಮ ಎಷ್ಟು ಹೇಳಿದರೂ ಅದೇ ಒಲೆ, ಅದೇ ಸೌಟು. ಬಾಳೆಹಣ್ಣು, ಬಿಸ್ಕತ್ತಿನಲ್ಲಿ ದಿನ ತಳ್ಳುತ್ತಿದ್ದಳು. ಅವಳು ಉಣ್ಣದಿದ್ದರೆ ಮುದುಕಿಗೂ ಅನ್ನ ಇಳಿಯುತ್ತಿರಲಿಲ್ಲ. ಇಬ್ಬರೂ ಒಳ್ಳೆಯವರೇ, ಅದೇ ತಾಪತ್ರಯ.

ನವೆಂಬರ್ ಕೊನೆಗೆ ಕಾಫಿ ಹಣ್ಣು ಒಂದೇ ಸಲ ಕೆಂಪಾಯಿತು. ವಿಶಾಲಮ್ಮನ ಗಂಡ ರವಿಚಂದ್ರ ಒಂದು ಮಧ್ಯಾಹ್ನ ಊಟಕ್ಕೆ ಕೂತವನು, ಎದುರಿಗೆ ಕೂತ ಟೀಚರನ್ನು ಕೇಳಿದ. “ಕುಯ್ಲಿಗೆ ಆಳು ಸಾಲ್ತಾ ಇಲ್ಲ ಟೀಚ್ರೆ. ಮಧ್ಯಾಹ್ನದ ಮೇಲೆ ಮಕ್ಕಳನ್ನ ಬುಟ್ಬುಡಿ, ಉದುರಿದ ಹಣ್ಣಾದ್ರೂ ಆರಿಸ್ಕೊಳ್ಳಲಿ.” ಜಗದಾಂಬ ತಟ್ಟೆ ನೋಡುತ್ತಾ ತಲೆಯಾಡಿಸಿದಳು. ಮಾರನೇ ದಿನದಿಂದ ಶಾಲೆ ಅರ್ಧ ದಿನವಾಯಿತು. ಆಳುಗಳ ಮನೆಸಾಲು, ಆ ಲೈನಿನ ಮಕ್ಕಳು ಬುಟ್ಟಿ ಹಿಡಿದು ತೋಟಕ್ಕೆ ಇಳಿದವು. ಧನು ಕಣದಲ್ಲಿ ಕೋಳಿ ಓಡಿಸುತ್ತಾ ಕೂತಳು.

ವಿಶಾಲಮ್ಮ ಅದನ್ನು ನೋಡಿಯೂ ನಾಲ್ಕು ದಿನ ಸುಮ್ಮನಿದ್ದಳು. ಐದನೇ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಗದಾಂಬ ಒಬ್ಬಳೇ ಸಿಕ್ಕಾಗ, ಹೀಗೆ ಅರ್ಧ ದಿನ ಬಿಟ್ಟರೆ ಮಕ್ಕಳು ಕಲಿಯುವುದು ಯಾವಾಗ ಎಂದು ಕೇಳಿಯೇಬಿಟ್ಟಳು.

“ನಿಮ್ಮೆಜಮಾನ್ರು ಕೇಳಿದಾಗ ಆಗಲ್ಲ ಅನ್ಬೇಕು ಅಂತ ಬಾಯಿವರೆಗೂ ಬಂತು ಅಕ್ಕಾರೆ,” ಎಂದಳು ಜಗದಾಂಬ. “ಬಾಯೊಳಗೆ ನಿಮ್ಮನೆ ಅನ್ನ ಇತ್ತು.”

ಸ್ವಲ್ಪ ಹೊತ್ತು ಬಟ್ಟೆ ಹಿಂಡಿದ ಮೇಲೆ ಉಳಿದದ್ದನ್ನೂ ಹೇಳಿದಳು. ಬಾಳ್ಳುಪೇಟೆಯ ಶಾಲೆಗೆ ಟೀಚರು ಕಡಿಮೆಯಂತೆ, ಒಪ್ಪಿದರೆ ತನ್ನನ್ನು ಅಲ್ಲಿಗೆ ಡೆಪ್ಯುಟೇಶನ್ ಹಾಕುತ್ತಾರಂತೆ. ಅವಳಿಗೆ ಇಲ್ಲಿ ಚಳಿಯೂ ಕಷ್ಟವಲ್ಲ, ಕಾಡೂ ಕಷ್ಟವಲ್ಲ. “ನನಗೊಂದು ಒಲೆ ಕೊಡಿ ಅಕ್ಕಾರೆ, ಇಲ್ಲೇ ಇರ್ತೀನಿ. ನನ್ನ ಅನ್ನ ನಾನು ಬೇಯಿಸ್ಕೊಂಡು ತಿಂದ್ರೆ ನಾಳೆ ನಿಮ್ಮೆಜಮಾನ್ರಿಗೂ ಇಲ್ಲ ಅನ್ಬೋದು.”

ಬೇರೆ ಮನೆಯಲ್ಲಿ ಇರಿಸಬಹುದೇ ಎಂದು ವಿಶಾಲಮ್ಮ ಯೋಚಿಸಿ ನೋಡಿದಳು. ಲಕ್ಕಪ್ಪನ ಮನೆ ಬಿಟ್ಟು ಬಂದ ಟೀಚರನ್ನು ಒಳಗೆ ಕರೆದು ಲಕ್ಕಪ್ಪನ ಕೆಂಗಣ್ಣಿಗೆ ಬೀಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಶಾಲೆಯ ಕಟ್ಟಡ ಕಾಡಿನ ಅಂಚಿಗಿದೆ, ಒಬ್ಬಳೇ ಹೆಂಗಸು ಅಲ್ಲಿ ಹೇಗೆ ಮಲಗುತ್ತಾಳೆ. ಮುಂದಿನ ಭಾನುವಾರ ಹಂಡೆ ಒಲೆಗೇರಿದ ಹೊತ್ತಿನಲ್ಲಿ ವಿಶಾಲಮ್ಮ ಅಟ್ಟ ಹತ್ತಿ, ಸ್ಟೌ ಇಳಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮೂಲೆಕೋಣೆಯಲ್ಲಿ ಇಟ್ಟಳು.

ಜಗದಾಂಬ ಬಾಗಿಲು ಮುಂದೆ ಮಾಡಿಕೊಂಡು ಉಪ್ಪಿಟ್ಟು ಕೆದಕಿದಳು. ಪಂಪ್ ಹೊಡೆಯುವ ಸ್ಟೌ, ಅದರ ಬುಸ್ಸೆನ್ನುವ ಸದ್ದು ಬಾಗಿಲು ಮುಚ್ಚಿದರೆ ನಿಲ್ಲುತ್ತದೆಯೇ? ಲೈನಿನ ಬಸಮ್ಮ ಸಾರು ಇಸಿದುಕೊಳ್ಳಲು ಪಾತ್ರೆ ಹಿಡಿದು ಬಂದವಳು ಜಗಲಿಯಲ್ಲೇ ನಿಂತು ಕೇಳಿಸಿಕೊಂಡಳು. ಅವಳು ಹೇಳಿದ್ದು ಇಷ್ಟೇ, ಲಕ್ಕಪ್ಪನೋರ ಮೂಲೆಕೋಣೇಲಿ ಒಲೆ ಉರೀತಿತ್ತು ಅಂತ. ಆ ಮಾತು ಹಳ್ಳ ದಾಟಿ, ಹೆಗ್ಗದ್ದೆಯ ಅಂಗಡಿಯಲ್ಲಿ ಕೂತು ಚಾ ಕುಡಿದು, ಆಲೂರು ಮುಟ್ಟುವ ಹೊತ್ತಿಗೆ ರವಿಚಂದ್ರನೂ ಲೋಹಿತನೂ ಪಾಲಾಗಿ ತೋಟಕ್ಕೆ ಅಳತೆ ಹಿಡಿಸಿದ್ದರು. ವಾರ ಕಳೆಯುವುದರೊಳಗೆ ಹುಡುಗಿಯ ಕಡೆಯವರಿಂದ ಸುದ್ದಿ ಬಂತು: ಬರುವ ಭಾನುವಾರ ಮನೆ ನೋಡಲು ಬರುತ್ತೇವೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮನೆ ಹೊತ್ತಿ ಉರಿಯಿತು. ಲೋಹಿತ ಅನ್ನ ಕಲಸಿದವನು ಉಣ್ಣದೆ ಕೈ ತೊಳೆದ. ತನ್ನ ಮದುವೆ ಮುರಿಯಬೇಕೆಂದೇ ಅತ್ತಿಗೆ ಹೀಗೆ ಮಾಡಿದ್ದಾಳೆ ಎಂದ. ರವಿಚಂದ್ರ ಹೆಂಡತಿಯ ಕಡೆ ನೋಡಲೂ ಇಲ್ಲ. ಕುಯ್ಲಿನ ತಲೆಬಿಸಿಯ ನಡುವೆ ಇದೊಂದು ಬೇಕಿತ್ತೇ ಎಂದು ಗೊಣಗಿದ. ಟೀಚರು ಕೋಣೆಯಿಂದ ಹೊರಗೇ ಬಂದಿರಲಿಲ್ಲ. ಬಿಂದು ಬಡಿಸುವ ಸೌಟು ಹಿಡಿದು ಗೋಡೆಗೆ ಆತುಕೊಂಡಿದ್ದಳು.

“ನಾನು ಸಾಯೋವರ್ಗೂ ಈ ಮನೆಗೆ ಒಂದೇ ಒಲೆ,” ಎಂದಳು ಮೀನಾಕ್ಷಮ್ಮ. “ಆ ಕೋಣೇಲಿ ಒಲೆ ಉರಿದ್ರೆ ಏನಾಯ್ತದೆ ಅಂತ ನಂಗೆ ಗೊತ್ತೈತೆ, ನಿಂಗೆ ಗೊತ್ತಿಲ್ಲ.”

“ಟೀಚ್ರು ಹೋದ್ರೆ ಏನಾಯ್ತದೆ ಅಂತ ನಂಗೆ ಗೊತ್ತೈತೆ ಅತ್ತೆ,” ಎಂದಳು ವಿಶಾಲಮ್ಮ. “ಅಗೋ, ಸೌಟು ಹಿಡ್ಕೊಂಡು ನಿಂತೈತೆ ನೋಡಿ.”

ಬಿಂದು ಸೌಟನ್ನು ಸಾರಿನ ಪಾತ್ರೆಗೆ ಹಾಕಿ ಒಳಗೆ ಹೋದಳು. ಮಗಳಿಗೆ ನೋವಾಯಿತೆಂದು ವಿಶಾಲಮ್ಮನಿಗೆ ಆಡಿದ ಮೇಲೆ ಗೊತ್ತಾಯಿತು. ಲಕ್ಕಪ್ಪ ಎಲೆ ಅಡಿಕೆ ತಟ್ಟೆ ಎಳೆದುಕೊಂಡು, ಭಾನುವಾರ ಕಳೆಯಲಿ, ಆಮೇಲೆ ನೋಡೋಣ ಎಂದ. ಗಂಡಸರು ಆಮೇಲೆ ನೋಡೋಣ ಎಂದದ್ದನ್ನು ಯಾವ ಮನೆಯಲ್ಲೂ ಯಾರೂ ನೋಡುವುದಿಲ್ಲ. ಆದರೂ ಎಲ್ಲರೂ ಅದಕ್ಕೇ ಒಪ್ಪಿಕೊಂಡರು. ಭಾನುವಾರದ ಮಟ್ಟಿಗೆ ಸ್ಟೌ ಕಣ್ಣಿಗೆ ಬೀಳಬಾರದು, ಟೀಚರೂ ಬೀಳಬಾರದು. ಯಾರಾದರೂ ಮಾತಿಗೆಳೆದು ಒಲೆಯ ವಿಷಯ ಬಂದರೆ ಕಷ್ಟ. ಒಂದೆರಡು ದಿನ ಎಲ್ಲಿಗಾದರೂ ಹೋಗಿ ಬರಲಿ ಎಂದು ತೀರ್ಮಾನವಾಯಿತು. ಹೇಳುವ ಕೆಲಸ ವಿಶಾಲಮ್ಮನ ತಲೆಗೆ ಬಂತು.

ವಿಶಾಲಮ್ಮ ಹೇಳಿದಳು. ಹೇಳಬಾರದಿತ್ತು, ಆದರೆ ಮೈದುನನ ಮದುವೆ ತನ್ನಿಂದ ಕೆಟ್ಟಿತೆಂಬ ಮಾತು ಹೊತ್ತುಕೊಂಡು ಆ ಮನೆಯಲ್ಲಿ ಬಾಳುವ ಧೈರ್ಯ ಅವಳಿಗಿರಲಿಲ್ಲ. ಜಗದಾಂಬ ಸರಿ ಅಕ್ಕಾರೆ ಎಂದಳು. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು ಸ್ಟೌವನ್ನು ಗೋಣಿಗೆ ಸುತ್ತಿ ಟ್ರಂಕಿನ ಮೇಲೆ ಕಟ್ಟಿದಳು. ಎರಡು ದಿನಕ್ಕೆ ಟ್ರಂಕು ಯಾಕೆ ಎಂದು ವಿಶಾಲಮ್ಮ ಕೇಳಲು ಹೋಗಲಿಲ್ಲ. ಜೀಪು ತಿರುವು ದಾಟುವವರೆಗೆ ಧನು ಹಿಂದೆ ಓಡಿದಳು.

ಭಾನುವಾರ ಆಲೂರಿನವರು ಬಂದರು. ಹುಡುಗಿಯ ಅಪ್ಪ ಲಕ್ಕಪ್ಪನ ಜೊತೆ ತೋಟ ನೋಡಲು ಹೋದರು. ತಾಯಿ ರಾಮಮ್ಮ ಒಳಗೇ ಉಳಿದು ಅಡಿಗೆಮನೆ, ಕೊಟ್ಟಿಗೆ, ಬಚ್ಚಲು ಎಲ್ಲ ನೋಡಿದಳು. ಒಂದೇ ಒಲೆ, ಅದರ ಸುತ್ತ ರಂಗೋಲಿ. ಮೀನಾಕ್ಷಮ್ಮ ಬೇಕೆಂದೇ ಅವಳನ್ನು ಅದರ ಪಕ್ಕ ಮಣೆ ಹಾಕಿ ಕೂರಿಸಿದಳು. ಊಟವಾದ ಮೇಲೆ ಎಲ್ಲರೂ ಜಗಲಿಯಲ್ಲಿ ಸೇರಿದಾಗ ಬಿಂದು ಬಾಳೆಹಣ್ಣಿನ ತಟ್ಟೆ ತಂದಳು. ರಾಮಮ್ಮ ಅವಳ ಕೈ ಹಿಡಿದು ನಿಲ್ಲಿಸಿ, ಎಷ್ಟನೇ ಕ್ಲಾಸು ಎಂದು ಕೇಳಿದಳು.

“ಮೂರಕ್ಕೆ ಬುಟ್ಟೆ.”

“ಯಾಕವ್ವ?”

“ಮೇಷ್ಟ್ರಿರ್ಲಿಲ್ಲ.”

ರವಿಚಂದ್ರ ನಡುವೆ ಬಾಯಿ ಹಾಕಿ, ಅದೆಲ್ಲ ಹಿಂದಿನ ಮಾತು, ಈಗ ಟೀಚರು ಬಂದಿದ್ದಾರೆ, ನಮ್ಮ ಮನೆಯಲ್ಲೇ ಇರುತ್ತಾರೆ ಎಂದ. ಹಾಗಾದರೆ ಕರೆಯಿರಿ, ಮಾತಾಡಿಸೋಣ ಎಂದಳು ರಾಮಮ್ಮ. ಯಾರೂ ಎದ್ದೇಳಲಿಲ್ಲ. ಊರಿಗೆ ಹೋಗಿದ್ದಾಳೆ ಎಂದು ಮೀನಾಕ್ಷಮ್ಮ ಹೇಳುವಷ್ಟರಲ್ಲಿ ರಾಮಮ್ಮ ಮೂಲೆಕೋಣೆಯ ಬಾಗಿಲು ತಳ್ಳಿಯಾಗಿತ್ತು. ಒಳಗೆ ಒಂದು ಮಂಚ, ಮಡಚಿಟ್ಟ ಕಂಬಳಿ. ಬೇರೇನೂ ಇರಲಿಲ್ಲ.

“ಇಲ್ಲಿ ಯಾರೂ ಇರೋ ಹಂಗೆ ಕಾಣಲ್ವಲ್ಲ,” ಎಂದಳು ರಾಮಮ್ಮ. ಬಂದು ಮತ್ತೆ ಚಾಪೆಯ ಮೇಲೆ ಕೂತಳು. “ನೋಡಿ ಅಕ್ಕ, ನಿಮ್ಮನೆ ಒಲೆ ಸುದ್ದಿ ನಾವೂ ಕೇಳಿದ್ವಿ. ಇಬ್ರು ಗಂಡುಮಕ್ಕಳು ಅಂದ್ಮೇಲೆ ಇವತ್ತಲ್ಲ ನಾಳೆ ಒಲೆ ಬೇರೆ ಆಗೋದೇಯ. ಅದಕ್ಕೆ ಹೆದರ್ಕೊಂಡು ಹೆಣ್ಣು ಕೊಡದೆ ಇರಕ್ಕಾಯ್ತದಾ? ನಮ್ಮುಡುಗಿ ಪಿಯುಸಿ ಓದವ್ಳೆ. ಅವಳ ಮಕ್ಕಳು ಎಲ್ಲಿ ಓದ್ತವೆ ಅಂತ ನೋಡ್ಕೊಂಡು ಹೋಗಕ್ಕೆ ಬಂದ್ವಿ.”

ಅವರು ಚೆನ್ನಾಗಿಯೇ ಮಾತಾಡಿ ಹೋದರು. ಜೂನಿನ ತನಕ ನೋಡೋಣ ಎಂದರು. ಲೋಹಿತ ಗೇಟಿನವರೆಗೆ ಹೋಗಿ ಬಂದವನು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅತ್ತಿಗೆಯನ್ನು ಬೈಯಲು ಅವನಿಗೆ ಈಗ ಬಾಯಿರಲಿಲ್ಲ.

ಸೋಮವಾರ ಟೀಚರು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಮಕ್ಕಳು ಶಾಲೆಯ ಕಟ್ಟೆಯ ಮೇಲೆ ಕೂತು ಕಾದು ತೋಟಕ್ಕೆ ಹೋದವು. ಬುಧವಾರ ಬೆಳಿಗ್ಗೆ ವಿಶಾಲಮ್ಮ ಧನುವಿನ ಬಟ್ಟೆ ಚೀಲಕ್ಕೆ ತುಂಬಿ, ಅವಳನ್ನೂ ಕರೆದುಕೊಂಡು ಹೊರಟು ನಿಂತಾಗ ಮೀನಾಕ್ಷಮ್ಮ ಯಾರನ್ನೂ ಕೇಳದೆ ತಾನೂ ಹೊರಟಳು. ಲೋಹಿತ ಬಾಳ್ಳುಪೇಟೆಯಲ್ಲಿ ಇಳಿಸಿದ. ವಿಚಾರಿಸುತ್ತಾ ಹೋದರೆ ಹೈವೇ ಪಕ್ಕ ಟೈರಿನ ಅಂಗಡಿಯ ಹಿಂದೆ ಒಂದು ಕೋಣೆ. ಲಾರಿ ಹೋದಾಗಲೆಲ್ಲ ಗೋಡೆಯ ಕನ್ನಡಿ ಅಲುಗುತ್ತಿತ್ತು. ಜಗದಾಂಬ ಮೂವರನ್ನೂ ಒಳಗೆ ಕರೆದು ಚಾಪೆ ಹಾಕಿ, ತನ್ನ ಸ್ಟೌ ಹಚ್ಚಿ ಕಾಫಿ ಮಾಡಿಕೊಟ್ಟಳು. ಮೀನಾಕ್ಷಮ್ಮ ಲೋಟ ಹಿಡಿದುಕೊಂಡು ಆ ಸ್ಟೌವನ್ನೇ ನೋಡುತ್ತಾ ಕೂತಳು.

“ಮನೆಗೆ ಬಾರವ್ವ,” ಎಂದಳು ಕೊನೆಗೆ. “ಅದನ್ನೂ ತಗೊಂಬಾ.”

“ಸೈನ್ ಹಾಕ್ಬಿಟ್ಟೆ ಅಮ್ಮಾರೆ. ಪರೀಕ್ಷೆ ಮುಗಿಯೋವರೆಗೂ ಇಲ್ಲೇ. ಆಮೇಲೆ ಆಫೀಸಿನೋರು ಎಲ್ಲಿಗೆ ಹಾಕ್ತಾರೋ ನಂಗೂ ಗೊತ್ತಿಲ್ಲ.” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಮುದುಕಿಗೆ ಹೆಚ್ಚು ನೋವಾಯಿತು.

ಧನುವನ್ನು ಇಟ್ಟುಕೊಳ್ಳುತ್ತೀಯಾ, ಇಲ್ಲೇ ಶಾಲೆಗೆ ಬರಲಿ ಎಂದು ವಿಶಾಲಮ್ಮ ಕೇಳಿದಳು. ಜಗದಾಂಬ ಧನುವಿನ ತಲೆ ಸವರಿ ಒಪ್ಪಿಕೊಂಡಳು. ಅಕ್ಕಿ, ಬೇಳೆ ಕಳಿಸಿ, ನಾನು ಬೇಡ ಅನ್ನುವುದಿಲ್ಲ ಎಂದು ಮೀನಾಕ್ಷಮ್ಮನ ಕಡೆ ನೋಡಿ ಸಣ್ಣಗೆ ನಕ್ಕಳು. ಬಿಂದುವನ್ನೂ ಕೇಳಬೇಕೆಂದು ವಿಶಾಲಮ್ಮನಿಗೆ ಅನ್ನಿಸಿತು. ಒಂದೇ ಮಂಚದ ಕೋಣೆ, ಎಷ್ಟೆಂದು ಕೇಳುವುದು. ಕೇಳಲಿಲ್ಲ. ಜೀಪಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅದೊಂದೇ ಅವಳನ್ನು ಕೊರೆಯಿತು.

ಮರುವಾರ ಕಣದಲ್ಲಿ ಕಾಫಿ ತಿರುವಿಹಾಕುವಾಗ ಬಸಮ್ಮ ವಿಷಯ ತೆಗೆದಳು. ಅವಳ ಮಗಳು ಚೌಡಿಯೂ ಎರಡು ತಿಂಗಳು ಶಾಲೆಗೆ ಹೋಗಿ, ಈಗ ಅವ್ವನ ಹಿಂದೆ ಗೋರುಮಣೆ ಎಳೆಯುತ್ತಿದ್ದಳು.

“ನಿಮ್ಮ ಧನು ಓದ್ಕೊತು ಬುಡಿ ಅಮ್ಮಾವ್ರೆ, ಜೀಪೈತೆ. ನಮ್ಮುಡುಗಿನ ಯಾವ ಜೀಪಲ್ಲಿ ಕಳಿಸ್ಲಿ?” ಬಸಮ್ಮ ತಲೆ ಎತ್ತದೆ ಕೇಳಿದಳು. “ಆ ಟೀಚರಮ್ಮ ಒಂದು ಮುಷ್ಟಿ ಅನ್ನ ಬೇಯಿಸ್ಕೊಂಡಿದ್ರೆ ನಿಮಗೇನಾಗ್ತಿತ್ತು?”

ಸುದ್ದಿ ಹಬ್ಬಿಸಿದವಳು ನೀನೇ ಅಲ್ಲವೇನೇ ಎಂದು ವಿಶಾಲಮ್ಮ ಕೇಳಬಹುದಿತ್ತು. ಆದರೆ ಬಸಮ್ಮ ಕಂಡದ್ದನ್ನು ಹೇಳಿದ್ದಳು, ಅಷ್ಟೇ. ಹೆದರಿಕೊಂಡದ್ದು ಇವರು. ಜಗಲಿಯ ಮೇಲೆ ಕೂತಿದ್ದ ಮೀನಾಕ್ಷಮ್ಮನಿಗೂ ಮಾತು ಕೇಳಿಸಿತು. ಬಸಮ್ಮನಂಥವಳು ತನ್ನ ಅಂಗಳದಲ್ಲಿ ನಿಂತು ಹೀಗೆ ಕೇಳಿದ್ದಕ್ಕೆ ಬೇರೆ ದಿನವಾಗಿದ್ದರೆ ಮುದುಕಿ ಸುಮ್ಮನಿರುತ್ತಿರಲಿಲ್ಲ. ಅವತ್ತು ಎದ್ದು ಒಳಗೆ ಹೋದಳು.

ಮಾರನೇ ಬೆಳಿಗ್ಗೆ ಮೀನಾಕ್ಷಮ್ಮ ಲೋಹಿತನಿಗೆ ಹುತ್ತದ ಮಣ್ಣು ತರಲು ಹೇಳಿದಳು. ಮಂಚವನ್ನು ಆಚೆಗೆ ಸರಿಸಿ, ಮೂಲೆಕೋಣೆಯ ಕಿಟಕಿಯ ಕೆಳಗೆ ಒಲೆ ಹಾಕಲು ಕೂತಳು. ಬಿಂದು ಮಣ್ಣಿಗೆ ಹುಲ್ಲು, ನೀರು ಹಾಕಿ ಕಾಲಲ್ಲಿ ತುಳಿದು ಹದ ಮಾಡಿದಳು. ರವಿಚಂದ್ರ ಬಾಗಿಲಲ್ಲಿ ಬಂದು ನಿಂತು, ಊರವರು ಏನಂತಾರವ್ವ ಎಂದ. ಅನ್ನುವುದೆಲ್ಲ ಅಂದಾಗಿದೆ, ಹೊಸದೇನಿದೆ ಎಂದಳು ಮುದುಕಿ. ಇನ್ನು ಮೇಲೆ ಕುಯ್ಲೋ ಗಿಯ್ಲೋ, ಶಾಲೆ ಬಿಡಿಸು ಎಂಬ ಮಾತು ಅವನ ಬಾಯಲ್ಲಿ ಬರಕೂಡದು ಎಂದೂ ಸೇರಿಸಿದಳು. ಅವನು ತೋಟಕ್ಕೆ ಹೋದ.

“ಸ್ಟೌ ಇರೋಳಿಗೆ ಮಣ್ಣೊಲೆ ಯಾಕವ್ವ?” ಎಂದು ಲೋಹಿತ ಕೇಳಿದ.

“ಸ್ಟೌ ಎತ್ಕೊಂಡು ಹೋಗ್ಬುಡಬೌದು ಕಣೋ.”

ಮೀನಾಕ್ಷಮ್ಮನ ಕೈ ಹಳೆಯ ಅಳತೆಯನ್ನು ಮರೆತಿರಲಿಲ್ಲ. ಆದರೆ ಆಗಾಗ ನಿಲ್ಲುತ್ತಿತ್ತು. ಜೂನಿಗೆ ಬರುತ್ತಾಳೆ ತಾನೇ ಎಂದು ಸೊಸೆಯನ್ನು ಕೇಳಿದಳು. ಗೊತ್ತಿಲ್ಲ ಅತ್ತೆ ಎಂದಳು ವಿಶಾಲಮ್ಮ. ಇನ್ನೊಂದು ಸುತ್ತು ಮಣ್ಣು ಮೆತ್ತಿ ಮತ್ತೆ ಅದನ್ನೇ ಕೇಳಿದಳು. ಇಷ್ಟು ವರ್ಷ ಈ ಕೋಣೆಯಲ್ಲಿ ಎಲ್ಲಿ ಒಲೆ ಉರಿದುಬಿಡುತ್ತದೋ ಎಂದು ಹೆದರಿಕೊಂಡೇ ಬಾಳಿದ ಹೆಂಗಸು ಈಗ ಅದು ಉರಿಯದೇ ಉಳಿದುಬಿಟ್ಟರೆ ಎಂದು ಹೆದರಿದ್ದಳು.

ಬಿಂದು ಮಣ್ಣಿನ ಉಂಡೆ ಕೊಡುತ್ತಾ ತಗ್ಗಿದ ದನಿಯಲ್ಲಿ ಕೇಳಿದಳು. “ಟೀಚ್ರು ಬಂದ್ರೆ ನಾನೂ ಹೋಗ್ಲಾ ಅಜ್ಜಿ?”

“ಎಲ್ಲಿಗೆ?”

“ಶಾಲೆಗೆ.”

ಮೀನಾಕ್ಷಮ್ಮ ಮೊಮ್ಮಗಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ಇಷ್ಟುದ್ದ ಆಗಿದೀಯ. ಯಾವ ಕ್ಲಾಸಿಗೆ ಕೂತ್ಕೊತೀಯೆ?”

“ಮೂರಕ್ಕೇ.”

“ಚೌಡಿ ಜೊತೆ, ಆ ಚಿಳ್ಳೆಪಿಳ್ಳೆ ಜೊತೆ? ನಾಚ್ಕೆ ಆಗಲ್ವಾ ನಿಂಗೆ?”

“ಆಯ್ತದೆ,” ಎಂದಳು ಬಿಂದು. “ಆದ್ರೂ ಕೂತ್ಕೊತೀನಿ.”

ವಿಶಾಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಹೂಂ, ಹೋಗುವೆಯಂತೆ, ಟೀಚರು ಬಂದೇ ಬರುತ್ತಾಳೆ ಎಂದು ಮೊಮ್ಮಗಳಿಗೆ ಹೇಳಬೇಕೆಂದು ಮೀನಾಕ್ಷಮ್ಮ ಬಾಯಿ ತೆರೆದವಳು, ಇನ್ನೊಂದು ಉಂಡೆ ಕೊಡು ಎಂದಳು.